ಐಸ್ ತರುವವಳು

ಡಿಸೆಂಬರ್‌ನ ಮೊದಲ ಭಾನುವಾರ ನಮ್ಮ ಅತ್ತೆ ವರ್ನಾ ಕ್ರಿಸ್‌ಮಸ್ ಊಟವನ್ನು ಹಂಚುತ್ತಾರೆ. ಹಂಚುವುದೆಂದರೆ ಬಡಿಸುವುದಲ್ಲ, ಯಾರು ಏನು ಮಾಡಿಕೊಂಡು ಬರಬೇಕೆಂದು ಹೇಳುವುದು. ಅಡುಗೆಮನೆಯ ಮೇಜಿನ ಸುತ್ತ ನಾವು ಹೆಂಗಸರು ಕೂರುತ್ತೇವೆ. ನಮ್ಮ ಸೀಮೆಯಲ್ಲಿ ಡಿಸೆಂಬರ್ ಎಂದರೆ ಬೇಸಿಗೆ, ತಲೆಯ ಮೇಲಿನ ಫ್ಯಾನು ಇದ್ದ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿರುತ್ತದೆ. ಗಂಡಸರು ವರಾಂಡದಲ್ಲಿ ಕಾಲು ಚಾಚಿ, ಗೋಧಿ ಕಟಾವು ಯಾರದು ಮುಗಿಯಿತು ಯಾರದು ಉಳಿಯಿತು ಎಂದು ಮಾತಾಡುತ್ತಿರುತ್ತಾರೆ. ವರ್ನಾ ಯಾವುದನ್ನೂ ಬರೆದಿಟ್ಟುಕೊಳ್ಳುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದು ಸ್ವಲ್ಪ ಹಳಬಳಾದ ಮೇಲೆ ನನಗೆ ಬೀಟ್‌ರೂಟ್ ಸಲಾಡ್ ಸಿಕ್ಕಿತು. ಈಗ ನನ್ನ ತಲೆ ನರೆತಿದೆ, ಬೀಟ್‌ರೂಟ್ ನನ್ನದೇ.

ಈ ಮನೆಯಲ್ಲಿ ಒಮ್ಮೆ ಒಂದು ತಿನಿಸು ಕೈಗೆ ಬಂದರೆ ಅದು ಸಾಯುವವರೆಗೂ ನಮ್ಮದು. ಆದರೆ ಹೊಸಬರಿಗೆ ಸುಮ್ಮನೆ ಸಿಗುವುದಿಲ್ಲ. ಮೊದಲು ಐಸ್ ತರಬೇಕು. ಪೆಟ್ರೋಲ್ ಬಂಕಿನಿಂದ ಐಸ್ ಚೀಲಗಳನ್ನು ತಂದು ಹಿತ್ತಿಲಿನ ಒಗೆಯುವ ಕೋಣೆಯ ಸಿಮೆಂಟ್ ತೊಟ್ಟಿಗೆ ಸುರಿದು ಬಿಯರ್ ತಣ್ಣಗಿಡಬೇಕು. ಊಟದ ಹೊತ್ತಿಗೆ ಮೊದಲು ಸುರಿದದ್ದು ಕರಗಿಹೋಗುವುದರಿಂದ ಕೊನೆಯ ಚೀಲವನ್ನು ಎತ್ತಿಟ್ಟು ಆಮೇಲೆ ಸುರಿಯಬೇಕು. ಒಂದೆರಡು ಬೇಸಿಗೆ ಹೀಗೆ ಕಳೆದ ಮೇಲೆ ಬ್ರೆಡ್ಡು, ಅದಾದ ಮೇಲೆ ಯಾವುದಾದರೊಂದು ಸಲಾಡು. ಪಾವ್ಲೋವಾ, ಟ್ರೈಫಲ್‌ನಂಥ ಸಿಹಿಗಳು ಬಲು ಮೇಲಿನ ಮಾತು. ಎಲ್ಲಕ್ಕಿಂತ ಮೇಲೆ ಪುಡಿಂಗ್, ಒಣಹಣ್ಣು ತುಂಬಿದ ಕೇಕಿನಂಥ ಭಾರದ ಉಂಡೆ. ಅದು ವರ್ನಾ ಅವರದು, ಅದರ ಹತ್ತಿರ ಯಾರೂ ಸುಳಿಯುವ ಹಾಗಿಲ್ಲ. ನವೆಂಬರ್‌ನಲ್ಲೇ ಕಲಸಿ, ಬಟ್ಟೆಯಲ್ಲಿ ಕಟ್ಟಿ, ಬೇಯಿಸಿ, ತೂಗುಹಾಕಿರುತ್ತಾರೆ. ಹಬ್ಬದ ದಿನ ಅದನ್ನು ಒಗೆಯುವ ಕೋಣೆಯ ತಾಮ್ರದ ಹಂಡೆಯಲ್ಲಿ ಮತ್ತೆ ಕುದಿಸುತ್ತಾರೆ. ಬಟ್ಟೆಯ ಗಂಟಿಗೆ ಕೋಲು ತೂರಿಸಿ ಎತ್ತುವ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತಾರೆ. ಗಾಳಿ ತಾಗಿದರೆ ಪುಡಿಂಗ್ ಬಿರಿಯುತ್ತದಂತೆ. ಹೊರಗೆ ನಲವತ್ತು ದಾಟಿದ ಬಿಸಿಲಿದ್ದಾಗ ಯಾವ ಗಾಳಿ ತಾಗಿ ಏನು ಬಿರಿಯುತ್ತದೋ ನಾನು ಕಾಣೆ. ಕೇಳುವ ಧೈರ್ಯ ಯಾರಿಗೂ ಇಲ್ಲ.

ನನ್ನ ಗಂಡ ರಾಸ್ ದೊಡ್ಡವನು. ಅವನ ತಮ್ಮ ಟ್ರೆವರ್. ಟ್ರೆವರ್‌ನ ಮೊದಲ ಹೆಂಡತಿ ಜಿಲ್ ಪಾವ್ಲೋವಾ ಮಾಡುತ್ತಾಳೆ. ಮೊಟ್ಟೆಯ ಬಿಳಿಯನ್ನು ಕಡೆದು, ನೊರೆ ಮಾಡಿ, ಹದವಾಗಿ ಬೇಯಿಸಿ, ಮೇಲೆ ಕೆನೆ ಮತ್ತು ಹಣ್ಣು ಸುರಿದ ಅದನ್ನು ಜಿಲ್‌ಳ ಹಾಗೆ ಈ ಗೋಧಿ ಸೀಮೆಯಲ್ಲಿ ಯಾರೂ ಮಾಡುವುದಿಲ್ಲ. ಅವಳಿಗೂ ಟ್ರೆವರ್‌ಗೂ ವಿಚ್ಛೇದನವಾಗಿ ಬಹಳ ಕಾಲವಾಯಿತು. ಮದುವೆ ಮುರಿಯಿತು, ಪಾವ್ಲೋವಾ ಮುರಿಯಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಜಿಲ್ ಬರುತ್ತಾಳೆ, ತನ್ನ ಹಳೆಯ ಕುರ್ಚಿಯಲ್ಲೇ ಕೂರುತ್ತಾಳೆ.

ಹಾಗಾಗಿ ಅವಳ ಎದುರು ಕೂರುವುದು ಲಿಯೋನಿಯ ಪಾಡು. ಲಿಯೋನಿ ಶಾಲೆಯ ಬಸ್ಸು ಓಡಿಸುತ್ತಾಳೆ, ಟ್ರೆವರ್ ಜೊತೆ ಬಾಳುತ್ತಿದ್ದಾಳೆ. ಅವಳು ಬಂದು ಆರು ವರ್ಷವಾಯಿತು, ಆರು ವರ್ಷವೂ ಐಸ್ ತಂದಳು. ವರ್ನಾ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹೊರಗಿನವರು ಬಂದಾಗ 'ಇವಳು ಟ್ರೆವರ್‌ನ ಸ್ನೇಹಿತೆ' ಎನ್ನುತ್ತಾರೆ, ಮನೆಯವರಷ್ಟೇ ಇದ್ದಾಗ 'ಏ, ನೀನು'.

ಈ ಆಗಸ್ಟ್‌ನಲ್ಲಿ ವರ್ನಾ ಅವರ ತಂಗಿ ಯೂನಾ ತೀರಿಕೊಂಡಳು. ಟ್ರೈಫಲ್ ಅವಳದು, ಅಲ್ಲಿಗೆ ಆ ಜಾಗ ಖಾಲಿಯಾಯಿತು. ಹೀಗೆ ಹೇಳಿದರೆ ಕಲ್ಲೆದೆಯವಳೆನ್ನುತ್ತೀರಿ. ಆದರೆ ಚರ್ಚಿನಿಂದ ಹೊರಗೆ ಬರುವಾಗಲೇ ಜಿಲ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು ಇದನ್ನೇ: "ಇನ್ನು ಟ್ರೈಫಲ್ ಯಾರಿಗೆ ಹೋಗತ್ತೆ?"

ಲಿಯೋನಿ ಆಗ ನಮ್ಮ ಹಿಂದೆಯೇ ಇದ್ದಳು. ಯೂನಾಳನ್ನು ದೂರದ ಆಸ್ಪತ್ರೆಗೆ ವಾರವಾರವೂ ಕರೆದೊಯ್ದವಳು ಅವಳೇ. ಆ ಉದ್ದನೆಯ ದಾರಿಯಲ್ಲಿ ಯೂನಾ ಅವಳಿಗೆ ಟ್ರೈಫಲ್ ಹೇಳಿಕೊಟ್ಟಿದ್ದಳಂತೆ. ಕೇಕ್ ಎಷ್ಟು ಒಣಗಿರಬೇಕು, ಅದಕ್ಕೆ ಎಷ್ಟು ವೈನ್ ಕುಡಿಸಬೇಕು, ಯಾವ ಹಣ್ಣು ಹಾಕಬೇಕು, ಜೆಲ್ಲಿ ಗಟ್ಟಿಯಾದ ಮೇಲೆಯೇ ಕಸ್ಟರ್ಡ್ ಯಾಕೆ ಸುರಿಯಬೇಕು, ಎಲ್ಲ. ನವೆಂಬರ್ ಪೂರ್ತಿ ಲಿಯೋನಿ ಭಾನುವಾರ ಭಾನುವಾರ ಅದನ್ನು ಮಾಡಿ ನೋಡಿದಳು. ತಿಂದು ತಿಂದು ಟ್ರೆವರ್‌ನ ಬೆಲ್ಟು ಒಂದು ತೂತು ಆಚೆಗೆ ಹೋಯಿತು.

ಹಂಚುವ ಭಾನುವಾರ ಅವಳು ನನ್ನ ಕಾರಿನಲ್ಲೇ ಬಂದಳು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದಳು.

"ಗ್ಲೆನಿಸ್, ನಿಂಗೇನನ್ಸತ್ತೆ? ಈ ಸಲ ಕೊಡ್ತಾರಾ?"

"ಕೊಡದೆ ಏನು. ಬೇರೆ ಯಾರಿದಾರೆ?" ಅಂದೆ. ನನಗೂ ಹಾಗೇ ಅನಿಸಿತ್ತು.

ಮೇಜಿನ ಸುತ್ತ ನಾವು ಐದು ಜನ. ವರ್ನಾ, ನಾನು, ಜಿಲ್, ಲಿಯೋನಿ, ಮತ್ತೆ ಟೀಗನ್ ಎಂಬ ಹುಡುಗಿ. ಟೀಗನ್‌ಗೆ ಜಿಲ್‌ಳ ಮಗ ಬ್ರೆಟ್ ಜೊತೆ ನಿಶ್ಚಿತಾರ್ಥವಾಗಿ ಇನ್ನೂ ಉಂಗುರದ ಹೊಳಪು ಮಾಸಿರಲಿಲ್ಲ.

"ಹ್ಯಾಮ್ ರಾಸ್ ತರ್ತಾನೆ," ವರ್ನಾ ಶುರುಮಾಡಿದರು. "ಗ್ಲೆನಿಸ್, ಆ ಮಾಂಸ ಸುತ್ತಿರೋ ಬಟ್ಟೆ ಚೀಲ ದಿನಾ ಒದ್ದೆ ಮಾಡು ಅಂತ ಅವನಿಗೆ ಹೇಳು. ಹೋದ ವರ್ಷ ಮೇಲುಗಡೆ ಚರ್ಮ ಒಣಗಿ ಬೂಟಿನ ಅಟ್ಟೆ ಆಗಿತ್ತು."

"ಹೇಳ್ತೀನಿ ಅತ್ತೆ."

"ಟರ್ಕಿ ನಾನು ಮಾಡ್ತೀನಿ. ಬಿಸಿಯಾಗಿ."

ಜಿಲ್ ಗಂಟಲು ಸರಿಮಾಡಿಕೊಂಡಳು. "ಈ ಸಲ ನಲವತ್ತನಾಲ್ಕು ಡಿಗ್ರಿ ಆಗತ್ತಂತೆ. ಟರ್ಕಿನ ಹಿಂದಿನ ದಿನಾನೇ ಬೇಯಿಸಿ, ಕೊಯ್ದು ಫ್ರಿಜ್‌ನಲ್ಲಿಟ್ರೆ? ಜೊತೆಗೆ ಸಿಗಡಿ ತರಿಸಿದ್ರೆ ಎಲ್ಲರೂ ತಣ್ಣಗೆ ಉಣ್ಣಬಹುದು."

"ಪುಡಿಂಗನ್ನೂ ತಣ್ಣಗೆ ಮಾಡಿಬಿಡ್ಲಾ? ಕಡ್ಡಿ ಚುಚ್ಚಿ ಐಸ್ ಕ್ಯಾಂಡಿ ಥರ ಕೈಗೆ ಕೊಡ್ಲಾ?"

"ಪುಡಿಂಗ್ ಮಾತು ನಾನೆಲ್ಲಿ ಆಡಿದೆ?"

ಈ ಜಗಳ ಪ್ರತಿ ವರ್ಷದ್ದು, ಮುಗಿಯುವುದೂ ಒಂದೇ ರೀತಿ. ಮಾಂಸ ತಣ್ಣಗೆ, ಸಲಾಡು ತಣ್ಣಗೆ, ಪುಡಿಂಗ್ ಮಾತ್ರ ಹೊಗೆಯಾಡುವಷ್ಟು ಬಿಸಿ. ಸೋತ ಮುಖ ಮಾಡಿಕೊಂಡು ವರ್ನಾ ಟೀ ಬಗ್ಗಿಸಿದರು. ನನಗೆ ಬೀಟ್‌ರೂಟ್, ಜಿಲ್‌ಗೆ ಪಾವ್ಲೋವಾ ಎಂದು ಹೇಳಿ ಆಯಿತು. ಆಮೇಲೆ ಅವರು ಕಿಟಕಿಯಾಚೆ ನೋಡುತ್ತ ಕೂತರು.

"ಟ್ರೈಫಲ್," ಅಂದರು.

ಲಿಯೋನಿ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

"ಟೀಗನ್ ಮಾಡ್ಲಿ."

ಟೀಗನ್ ಮೊಬೈಲಿನಿಂದ ತಲೆಯೆತ್ತಿದಳು. "ಏನ್ ಮಾಡ್ಲಿ?"

"ಟ್ರೈಫಲ್ ಕಣೇ," ಎಂದಳು ಜಿಲ್. ಅವಳ ಮುಖ ಅರಳಿತ್ತು. ಬರುವ ಸೊಸೆ ಐಸೂ ತರದೆ ಬ್ರೆಡ್ಡೂ ತರದೆ ಸೀದಾ ಟ್ರೈಫಲ್‌ಗೆ ಏರಿದ್ದಳು.

"ನಂಗೆ ಬರತ್ತೆ," ಲಿಯೋನಿ ಹೇಳಿದಳು. ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವ ಹೆಂಗಸು ಅವಳು, ಈಗ ತಾನೇ ಶಾಲೆ ಮಗುವಿನ ಹಾಗೆ ಕೈಯೆತ್ತಿದ್ದಳು. "ಯೂನಾ ನಂಗೆ ಹೇಳ್ಕೊಟ್ಟಿದಾಳೆ. ನಾನು ಮಾಡ್ತೀನಿ ವರ್ನಾ."

"ನೀನು ಐಸ್ ತರ್ತೀಯಲ್ಲ."

"ಐಸೂ ತರ್ತೀನಿ, ಟ್ರೈಫಲೂ ತರ್ತೀನಿ."

"ಒಬ್ಬರಿಗೆ ಒಂದೇ," ಎಂದು ವರ್ನಾ ಎದ್ದರು. "ಕೊನೇ ಚೀಲ ಊಟ ಮುಗಿಯೋ ಹೊತ್ತಿಗೆ ಒಗೆಯೋ ಕೋಣೆಗೆ ತಾ. ಹೋದ ವರ್ಷದ ಹಾಗೇ."

ವಾಪಸು ಬರುವಾಗ ಲಿಯೋನಿ ಕಾರಿನ ಕಿಟಕಿಯತ್ತ ಮುಖ ತಿರುಗಿಸಿಕೊಂಡಿದ್ದಳು. ಎರಡೂ ಕಡೆ ಕೊಯ್ದ ಹೊಲಗಳು, ಕೂಳೆಯ ಮೇಲೆ ಬಿಸಿಲು ಕುಣಿಯುತ್ತಿತ್ತು. ಗೋಧಿ ಗೋದಾಮಿನ ತಿರುವಿನಲ್ಲಿ ನೋಡಿದರೆ ಅವಳ ಕೆನ್ನೆ ಒದ್ದೆ.

"ಬಿಡೇ," ಅಂದೆ. "ಒಂದು ಬಟ್ಟಲು ಜೆಲ್ಲಿ ತಾನೇ."

"ನಿಂಗೇನು. ನಿನ್ ಹತ್ರ ಬೀಟ್‌ರೂಟ್ ಇದೆ."

ನನಗೆ ನಗು ಬಂತು. ನಗಬಾರದಿತ್ತು, ಆದರೂ ಬಂತು. ಐವತ್ತು ದಾಟಿದ ಹೆಂಗಸು ಜೆಲ್ಲಿಗಾಗಿ ಅಳುವುದು ನನ್ನ ಬುದ್ಧಿಗೆ ನಿಲುಕಲಿಲ್ಲ. ತುಂಬಿದ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವವರನ್ನು ಸೀಟು ಹಿಡಿದು ಕೂತವರು ನೋಡುವ ಹಾಗೆ ನಾನು ಅವಳನ್ನು ನೋಡಿದೆ.

"ಆರು ವರ್ಷ ಆಯ್ತು ಗ್ಲೆನಿಸ್. ಆ ಮೇಜಿನ ಮೇಲೆ 'ಇದು ಲಿಯೋನಿದು' ಅನ್ನೋ ಹಾಗೆ ಒಂದು ತಟ್ಟೇನೂ ಇಲ್ಲ. ಐಸ್ ತಂದಿದ್ದು ಯಾರಿಗೆ ನೆನಪಿರತ್ತೆ? ಸಂಜೆಗೆ ನೀರಾಗಿ ಮೋರಿಗೆ ಹೋಗಿರತ್ತೆ." ಅವಳು ಮುಖ ಒರೆಸಿಕೊಂಡಳು. "ಈ ಸಲ ಆ ಒಗೆಯೋ ಕೋಣೆಗೆ ನಾನು ಕಾಲಿಡಲ್ಲ, ನೋಡ್ತಿರು."

"ಐಸ್ ಮತ್ತೆಲ್ಲಿ ಹಾಕ್ತೀಯ?"

"ಅಲ್ಲಿ ನಂಗೆ ಐಸ್ ಹಾಕೋದೊಂದೇ ಕೆಲಸ ಅಂದ್ಕೊಂಡಿದೀಯಾ?" ಎಂದವಳು ಮುಂದೆ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡಳು. ಕೇಳಿದರೆ ಹೇಳಲಿಲ್ಲ. ಮಾತು ಕೊಟ್ಟಿದ್ದೇನೆ ಎಂದಷ್ಟೇ ಅಂದಳು.

ಕ್ರಿಸ್‌ಮಸ್ ದಿನ ಬೆಳಿಗ್ಗೆಯಿಂದಲೇ ತಗಡಿನ ಮಾಡು ಟಿಕ್ ಟಿಕ್ ಎನ್ನುತ್ತಿತ್ತು. ಮರುಭೂಮಿಯ ಕಡೆಯಿಂದ ಬೀಸುತ್ತಿದ್ದ ಉತ್ತರದ ಗಾಳಿ ಒಲೆಯ ಬಾಯಿ ತೆರೆದಂತಿತ್ತು. ನೊಣಗಳು ಬಾಗಿಲ ಜಾಲರಿಗೆ ಮುತ್ತಿದ್ದವು. ನಾವು ಹೋದಾಗ ಹಿತ್ತಿಲಿನ ಒಗೆಯುವ ಕೋಣೆಯ ಕೊಳವೆಯಿಂದ ಆಗಲೇ ಹೊಗೆ ಬರುತ್ತಿತ್ತು. ಆ ಬಿಸಿಲಿನಲ್ಲಿ ಎಂಬತ್ತು ದಾಟಿದ ಮುದುಕಿ ಹಂಡೆಯ ಕೆಳಗೆ ಸೌದೆ ಒಟ್ಟಿದ್ದರು.

ಲಿಯೋನಿ ಮತ್ತು ಟ್ರೆವರ್ ಆಮೇಲೆ ಬಂದರು. ಐಸ್ ಚೀಲಗಳ ಜೊತೆ ದೊಡ್ಡದೊಂದು ಐಸ್ ಪೆಟ್ಟಿಗೆಯೂ ಇಳಿಯಿತು. ಲಿಯೋನಿ ಅದನ್ನು ವರಾಂಡದಲ್ಲಿ ಗಂಡಸರ ಕಾಲ ಬುಡದಲ್ಲೇ ಇಟ್ಟು, ಚೀಲಗಳನ್ನು ಒಂದೊಂದಾಗಿ ಹರಿದು ಅದರೊಳಗೆ ಸುರಿದಳು. ಕೊನೆಯ ಚೀಲವನ್ನೂ ಬಿಡಲಿಲ್ಲ.

ವರ್ನಾ ಜಾಲರಿ ಬಾಗಿಲಿನ ಹಿಂದಿನಿಂದ ನೋಡಿದರು. "ತೊಟ್ಟಿಗೆ ಹಾಕು."

"ಇಲ್ಲೇ ಆದ್ರೆ ಎಲ್ಲರಿಗೂ ಹತ್ರ."

"ಹೌದಮ್ಮ, ಇದೇ ಸರಿ," ಎಂದ ನನ್ನ ಗಂಡ, ಆಗಲೇ ಒಂದು ಬಾಟಲಿ ಒಳಗೆ ತೂರಿಸುತ್ತ. "ಇಷ್ಟು ವರ್ಷ ಯಾರಿಗೂ ಹೊಳೀಲಿಲ್ಲ ನೋಡು."

ವರ್ನಾ ಖಾಲಿ ಚೀಲಗಳನ್ನು ಎಣಿಸುವಂತೆ ನೋಡಿ ಒಳಗೆ ಹೋದರು.

ಊಟವಾಯಿತು. ಹಬ್ಬದ ವಾಡಿಕೆಯಂತೆ ಎಲ್ಲರ ತಲೆಯ ಮೇಲೂ ಕಾಗದದ ಕಿರೀಟ. ಬೆವರಿಗೆ ಅದರ ಬಣ್ಣ ಬಿಟ್ಟು ರಾಸ್‌ನ ಹಣೆ ನೇರಳೆಯಾಗಿತ್ತು. ಹ್ಯಾಮ್ ಒಣಗಿರಲಿಲ್ಲ. ಟರ್ಕಿ ತಣ್ಣಗಿತ್ತು, ವರ್ನಾ ಅದನ್ನು ಮುಟ್ಟದೆ ತಮ್ಮ ಪ್ರತಿಭಟನೆ ಸಲ್ಲಿಸಿದರು. ನನ್ನ ಬೀಟ್‌ರೂಟನ್ನು ರಾಸ್ ಎರಡು ಚಮಚ ಹಾಕಿಕೊಂಡ. ನನ್ನ ಜೊತೆ ಬಾಳಬೇಕಾದವನು ಅವನು. ಉಳಿದವರು ಬಟ್ಟಲನ್ನು ಕೈಯಿಂದ ಕೈಗೆ ದಾಟಿಸಿದರು.

ಆಮೇಲೆ ಟೀಗನ್ ಟ್ರೈಫಲ್ ತಂದಿಟ್ಟಳು. ಗಾಜಿನ ದೊಡ್ಡ ಬಟ್ಟಲು, ಯೂನಾಳದೇ. ಅದರೊಳಗೆ ಎಲ್ಲವೂ ಇತ್ತು, ಆದರೆ ಎಲ್ಲವೂ ಈಜುತ್ತಿತ್ತು. ಕೇಕಿನ ತುಂಡುಗಳು ಹಳದಿ ನೀರಿನಲ್ಲಿ ತೇಲುತ್ತಿದ್ದವು.

"ರಾತ್ರಿಯೆಲ್ಲ ಫ್ರಿಜ್‌ನಲ್ಲಿತ್ತು," ಟೀಗನ್ ಅಳುವಂತಾದಳು. "ಜೆಲ್ಲಿ ಗಟ್ಟಿನೇ ಆಗ್ಲಿಲ್ಲ. ಒಳ್ಳೇದಾಗ್ಲಿ ಅಂತ ತಾಜಾ ಅನಾನಸ್ ತಂದು ಹಾಕಿದ್ದೆ."

ತಾಜಾ ಅನಾನಸ್ ಬಿದ್ದರೆ ಜೆಲ್ಲಿ ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ, ಡಬ್ಬಿಯದೇ ಹಾಕಬೇಕು. ಇದು ನನಗೆ ಗೊತ್ತು, ಜಿಲ್‌ಗೆ ಗೊತ್ತು, ಯೂನಾ ಲಿಯೋನಿಗೂ ಹೇಳಿಯೇ ಹೇಳಿರುತ್ತಾಳೆ. ಲಿಯೋನಿ ತನ್ನ ಉಗುರು ನೋಡಿಕೊಳ್ಳುತ್ತ ಕೂತಿದ್ದಳು.

ವರ್ನಾ ಒಂದು ಚಮಚ ಬಾಯಿಗಿಟ್ಟುಕೊಂಡರು. "ರುಚಿಯಾಗಿದೆ. ಲೋಟ ತನ್ನಿ, ಕುಡಿಯೋಣ." ಎಲ್ಲರೂ ನಕ್ಕರು, ಟೀಗನ್ ಕೂಡ ನಕ್ಕಳು, ಬ್ರೆಟ್ ಅವಳ ಬೆನ್ನು ತಟ್ಟಿದ. ಮೇಜಿನ ಮೇಲೆ ಅವಳದೊಂದು ಬಟ್ಟಲಾಯಿತು. ಕೆಟ್ಟುಹೋದ ಟ್ರೈಫಲ್ಲನ್ನೂ ಆ ಮನೆ ನಗುತ್ತ ಕುಡಿಯಿತು. ಲಿಯೋನಿ ಅದನ್ನೆಲ್ಲ ನೋಡಿದಳು. ಆಗ ಮಾತ್ರ ನನಗೆ ಅವಳ ಬಗ್ಗೆ ಪಾಪ ಅನಿಸಿತು.

ವರ್ನಾ ಎದ್ದು, ಹೋಗುವ ಮುನ್ನ ಲಿಯೋನಿಯ ಕುರ್ಚಿಯ ಹಿಂದೆ ನಿಂತರು.

"ಕೊನೇ ಚೀಲ?"

"ಪೆಟ್ಟಿಗೆಗೆ ಹಾಕಿಬಿಟ್ಟೆ."

ವರ್ನಾ ಒಬ್ಬರೇ ಹೊರಟುಹೋದರು. ಹಿತ್ತಿಲಲ್ಲಿ ಬಾಗಿಲು ಮುಚ್ಚಿದ ಸದ್ದು ಕೇಳಿತು.

ನಾವು ಕಾದೆವು. ಪಾವ್ಲೋವಾದ ಕೆನೆ ಮೆಲ್ಲಗೆ ಒಂದು ಪಕ್ಕಕ್ಕೆ ಜಾರತೊಡಗಿತು, ಜಿಲ್ ಚಾಕುವಿನಿಂದ ಅದನ್ನು ಮತ್ತೆ ಮತ್ತೆ ಮೇಲಕ್ಕೆ ತಳ್ಳಿದಳು. ಪುಡಿಂಗ್ ಮೇಲೆ ಸುರಿಯಲು ಇಟ್ಟಿದ್ದ ಕಸ್ಟರ್ಡ್ ಕೆನೆಗಟ್ಟಿತು. ಒಗೆಯುವ ಕೋಣೆಯಿಂದ ಏನೋ ಬಡಿದ ಹಾಗೆ ಕೇಳಿಸಿತು, ಆಮೇಲೆ ನೀರು ಚೆಲ್ಲಿದ ಹಾಗೆ. ಲಿಯೋನಿ ಕುರ್ಚಿಯ ಅಂಚಿಗೆ ಸರಿದಳು. ಮತ್ತೆ ಹಿಂದಕ್ಕೆ ಒರಗಿ, ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡಳು.

"ಹೋಗಿ ನೋಡ್ಲಾ?" ಎಂದ ರಾಸ್.

"ಸುಮ್ನಿರು, ಬೈಸ್ಕೋತೀಯ," ಎಂದಳು ಜಿಲ್.

ಬಾಗಿಲು ತೆರೆಯಿತು. ವರ್ನಾ ಬರಿಗೈಯಲ್ಲಿ ಬಂದರು. ಏಪ್ರನ್ ಸೊಂಟದಿಂದ ಕೆಳಗೆ ಒದ್ದೆ, ಬಿಳಿ ಕೂದಲು ಹಣೆಗೆ ಅಂಟಿತ್ತು, ಕಿರೀಟ ಎಲ್ಲೋ ಬಿದ್ದುಹೋಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಲಿಯೋನಿ," ಅಂದರು.

ಆ ಹೆಸರು ಅವರಿಗೆ ಗೊತ್ತಿದೆಯೆಂದೇ ನಾನು ತಿಳಿದಿರಲಿಲ್ಲ.

"ಬಾಮ್ಮ. ನನ್ ಕೈಲಾಗ್ತಿಲ್ಲ."

ಟ್ರೆವರ್ ಕುರ್ಚಿ ಹಿಂದೆ ತಳ್ಳಿ ಎದ್ದ. "ನಾನು ಎತ್ತಿಕೊಡ್ತೀನಿ ಅಮ್ಮ, ಅದೇನು ಮಹಾ."

"ಕೂತ್ಕೋ. ನಿಂಗೇನು ಗೊತ್ತು ಅದು? ಆರು ವರ್ಷದಿಂದ ಎತ್ತಿರೋದು ಅವಳು. ನಾನು ಸುಮ್ನೆ ಕೋಲಿನ ತುದಿ ಹಿಡ್ಕೊಂಡಿರ್ತೀನಿ." ಅವರು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಗದರುವ ದನಿಯಲ್ಲೇ ಮುಂದುವರಿಸಿದರು. "ಯಾರಿಗೂ ಹೇಳಬೇಡ ಅಂತ ನಾನೇ ಮಾತು ತಗೊಂಡಿದ್ದೆ. ಕೈಲಾಗಲ್ಲ ಅಂತ ಗೊತ್ತಾಗಿದ್ರೆ ನೀವೆಲ್ಲ ಸೇರಿ ಅಂಗಡಿ ಪುಡಿಂಗ್ ತಂದು ಮುಂದಿಡ್ತಿದ್ರಿ. ಆಮೇಲೆ ಹಂಡೆ ಮಾರ್ತಿದ್ರಿ. ಆಮೇಲೆ ನನ್ನನ್ನ ಎಲ್ಲಾದ್ರೂ ಸೇರಿಸ್ತಿದ್ರಿ."

"ಅದಕ್ಕೇ ನಂಗೆ ಟ್ರೈಫಲ್ ಕೊಡಲಿಲ್ವಾ?" ಲಿಯೋನಿ ಕೇಳಿದಳು.

"ಕೊಟ್ಟಿದ್ರೆ ನೀನು ಈಗ ಅಡುಗೆಮನೇಲಿ ಕೆನೆ ಕಡೀತಾ ನಿಂತಿರ್ತಿದ್ದೆ. ಪುಡಿಂಗ್ ಯಾರು ಎತ್ತೋರು?"

ಹೇಳಿದ್ದು ಅಷ್ಟು ಸಲೀಸಾಗಿ. ಒಬ್ಬ ಹೆಂಗಸನ್ನು ಆರು ವರ್ಷ ಹೊಸ್ತಿಲಲ್ಲಿ ನಿಲ್ಲಿಸಿದ್ದು ಅವಳಿಲ್ಲದೆ ಆಗುವುದಿಲ್ಲವೆಂದು. ನನಗೆ ಸಿಟ್ಟು ಬಂತು, ಜೊತೆಗೆ ಚೌಕಟ್ಟು ಹಿಡಿದು ನಿಂತ ಮುದುಕಿಯನ್ನು ನೋಡಿ ಸಂಕಟವೂ ಆಯಿತು. ಲಿಯೋನಿಗೆ ಏನಾಯಿತೋ, ಅವಳು ಏಳಲಿಲ್ಲ. ತಲೆಯ ಮೇಲಿನ ಹಸಿರು ಕಿರೀಟ ತೆಗೆದು, ನಾಲ್ಕಾಗಿ ಮಡಿಸಿ, ತಟ್ಟೆಯ ಪಕ್ಕ ಇಟ್ಟಳು.

"ಮುಂದಿನ ವರ್ಷ ಐಸ್ ಯಾರು ತರ್ತಾರೆ ವರ್ನಾ?"

"ಪುಡಿಂಗ್ ನೀರು ಕುಡೀತಿದೆ ಕಣೇ ಅಲ್ಲಿ!"

"ಕುಡೀಲಿ. ಯಾರು ತರ್ತಾರೆ?"

ವರ್ನಾ ಮೇಜಿನ ಮೇಲೆ ಕಣ್ಣಾಡಿಸಿದರು. ನೋಟ ಪಾವ್ಲೋವಾದ ಮೇಲೆ ಒಂದು ಕ್ಷಣ ನಿಂತಿತು, ಜಿಲ್ ಅದರ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಅಲ್ಲಿಂದ ಯೂನಾಳ ಗಾಜಿನ ಬಟ್ಟಲು ದಾಟಿ, ಹ್ಯಾಮ್ ದಾಟಿ, ಕಣ್ಣು ಬಂದು ನಿಂತದ್ದು ನನ್ನ ಬಟ್ಟಲಿನ ಮೇಲೆ. ಅದು ಬಂದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು.

"ಗ್ಲೆನಿಸ್ ತರ್ತಾಳೆ," ಅಂದರು. "ಬೀಟ್‌ರೂಟ್ ಹೇಗೂ ಯಾರೂ ತಿನ್ನಲ್ಲ."

ಲಿಯೋನಿ ಎದ್ದು ಹೋದಳು. ಬಾಗಿಲು ಈ ಸಲ ತೆರೆದೇ ಇತ್ತು. ಹಬೆಯೊಳಗೆ ಇಬ್ಬರ ಬೆನ್ನು ಕಾಣುತ್ತಿತ್ತು, ಕೋಲಿನ ಎರಡು ತುದಿಗಳಲ್ಲಿ. "ನಿಧಾನ, ನಿಧಾನ," ಎನ್ನುತ್ತಿದ್ದವಳು ಲಿಯೋನಿ. ಹೊರಗಿನ ಗಾಳಿಯೆಲ್ಲ ಒಳಗೆ ನುಗ್ಗಿತು, ಪುಡಿಂಗ್ ಎಲ್ಲೂ ಬಿರಿಯಲಿಲ್ಲ. ದೊಡ್ಡ ತಟ್ಟೆಯನ್ನು ಇಬ್ಬರೂ ಹಿಡಿದು ತಂದು ಮೇಜಿನ ನಡುವೆ ಇಟ್ಟರು. ಲಿಯೋನಿಯ ಮುಂಗೈ ಹಬೆಗೆ ಕೆಂಪಾಗಿತ್ತು. ಪ್ರತಿ ಕ್ರಿಸ್‌ಮಸ್‌ಗೂ ಅವಳ ಕೈ ಹಾಗೇ ಕೆಂಪಾಗಿರುತ್ತಿತ್ತು. ಐಸ್ ಹೊತ್ತು ಹಾಗಾಗಿದೆಯೆಂದು ನಾನು ತಿಳಿದಿದ್ದೆ.

ತಿಂದದ್ದಾಯಿತು. ವರ್ನಾ ಎಂದಿನಂತೆ, ಅದೃಷ್ಟಕ್ಕೆಂದು ಪುಡಿಂಗಿನೊಳಗೆ ಹಾಕಿದ್ದ ಹಳೆಯ ಬೆಳ್ಳಿ ಕಾಸುಗಳನ್ನು ಮುಂದಿನ ವರ್ಷಕ್ಕೆಂದು ತಟ್ಟೆಗಳಿಂದ ಆರಿಸಿಕೊಳ್ಳುತ್ತ ಬಂದರು. ಲಿಯೋನಿಯ ಹತ್ತಿರ ನಿಂತು, ಅವಳ ಮುಖ ನೋಡದೆ ಹೇಳಿದರು: "ನವೆಂಬರ್‌ನಲ್ಲಿ ಹಣ್ಣು ನೆನೆಸ್ತೀನಿ. ಕಲಸೋದಕ್ಕೆ ಬಾ." ಆರಿಸಿದ ಕಾಸುಗಳನ್ನೆಲ್ಲ ಅವಳ ಅಂಗೈಗೆ ಸುರಿದು ಮುಂದೆ ಹೋದರು. ಲಿಯೋನಿ ಮುಷ್ಟಿ ಮುಚ್ಚಿಕೊಂಡಳು.

ಹೊರಡುವಾಗ ಅವಳು ನಮ್ಮ ಕಾರಿನ ಕಿಟಕಿಗೆ ಬಗ್ಗಿದಳು. "ಗ್ಲೆನಿಸ್, ಆ ದಿನ ಬಂಕಿನಲ್ಲಿ ಐಸ್ ಬೇಗ ಖಾಲಿಯಾಗತ್ತೆ. ಹಿಂದಿನ ದಿನವೇ ಹೇಳಿಟ್ಟಿರು." ಕೊಂಕಿರಲಿಲ್ಲ, ಕಳಕಳಿಯಿಂದಲೇ ಹೇಳಿದಳು. ಅದೇ ಇನ್ನೂ ಚುಚ್ಚಿತು. ನಾನು ಸರಿ ಎಂದು ತಲೆಯಾಡಿಸಿದೆ.

ಬಟ್ಟಲು ನನ್ನ ತೊಡೆಯ ಮೇಲಿತ್ತು. ಗೋದಾಮಿನ ತಿರುವಿನಲ್ಲಿ ಕಾರು ವಾಲಿ ಕೆಂಪು ನೀರು ಚೆಲ್ಲಿ ನನ್ನ ಹೊಸ ಲಂಗಕ್ಕೆಲ್ಲ ಹರಡಿತು. ನಾನು ಒರೆಸಲಿಲ್ಲ. ಅಳು ಬರುತ್ತಿತ್ತು. ತಡೆದರೂ ನಿಲ್ಲಲಿಲ್ಲ, ಅತ್ತುಬಿಟ್ಟೆ.

ರಾಸ್ ರಸ್ತೆಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ. ಅವನ ಹಣೆ ಇನ್ನೂ ನೇರಳೆಯಾಗಿತ್ತು.

"ಬಿಡೇ," ಅಂದ. "ಒಂದು ಬಟ್ಟಲು ಬೀಟ್‌ರೂಟ್ ತಾನೇ."

ಮನೆ ಮುಟ್ಟುವವರೆಗೂ ನಾನು ಅವನ ಜೊತೆ ಮಾತಾಡಲಿಲ್ಲ.